ಮನೆಯಂಗಳದ ಮಳೆಲೆಕ್ಕ

ಮಳೆಯನ್ನು ಅಳೆಯುವುದು ನಮ್ಮ ದೇಶಕ್ಕೆ ಹೊಸ ವಿದ್ಯೆಯಲ್ಲ. ಕೋಷ್ಠಾಗಾರದಲ್ಲಿ ಒಂದು ಅರತ್ನಿ, ಎಂದರೆ ಸುಮಾರು ಒಂದು ಮೊಳ, ಬಾಯಗಲವುಳ್ಳ ಕುಂಡವನ್ನು ಮಳೆಮಾಪಕವಾಗಿ ಇರಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಯಾವ ಸೀಮೆಗೆ ಎಷ್ಟು ದ್ರೋಣ ಮಳೆ ಎಂಬ ಲೆಕ್ಕವೂ ಅಲ್ಲಿಯೇ ಉಂಟು. ಇನ್ನು ನಮ್ಮ ಕನ್ನಡದಲ್ಲಿ ಅರ್ಹದ್ದಾಸನ ‘ರಟ್ಟಮತ’ವಿದೆ. ಮೋಡ, ಮಿಂಚು, ಗಾಳಿಗಳ ಲಕ್ಷಣವನ್ನು ಕಂಡು ಮುಂಬರುವ ಮಳೆಯನ್ನು ತಿಳಿಯುವ ಬಗೆಯನ್ನು ಹೇಳಹೊರಟ ಗ್ರಂಥ ಅದು. ಇವೆರಡೂ ಮಳೆಯ ಶಾಸ್ತ್ರಗಳೇ, ಆದರೆ ಇವುಗಳ ಕೆಲಸ ಬೇರೆ ಬೇರೆ. ಕೌಟಿಲ್ಯನ ಕುಂಡ ಬಿದ್ದ ಮಳೆಯನ್ನು ಅಳೆಯುತ್ತದೆ. ರಟ್ಟಮತ ಬೀಳಲಿರುವ ಮಳೆಯನ್ನು ಊಹಿಸುತ್ತದೆ. ಈಗ ಪೇಟೆಯಲ್ಲಿ ದೊರೆಯುವ ಮನೆಬಳಕೆಯ ಹವಾಮಾನ ಕೇಂದ್ರ ಎರಡನ್ನೂ ಅಂಗೈಯಗಲದ ಒಂದೇ ಪರದೆಯ ಮೇಲೆ ತೋರಿಸುತ್ತದೆ. ಅದನ್ನು ಮನೆಯ ಪಂಪು, ದೀಪ, ಗಂಟೆಗಳೊಡನೆ ಕೂಡಿಸಲು ಹೊರಟಾಗ ಈ ಭೇದವನ್ನು ಮರೆಯಬಾರದೆಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ.

ಯಂತ್ರದಲ್ಲಿ ಇರುವುದು ಹೆಚ್ಚೇನಲ್ಲ. ಹೊರಗೆ, ಕಂಬದ ಮೇಲೆ, ಉಷ್ಣತೆ ಮತ್ತು ತೇವಾಂಶಗಳ ಮಾಪಕ, ಗಾಳಿಗೆ ತಿರುಗುವ ಪುಟ್ಟ ಬಟ್ಟಲುಗಳು, ದಿಕ್ಕು ತೋರುವ ಬಾಲ, ಮಳೆ ಹಿಡಿಯುವ ಆಲಿಕೆ. ಒಳಗೆ, ಗೋಡೆಯ ಮೇಲೆ, ಅಂಕಿ ತೋರಿಸುವ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ವಾಯುಭಾರಮಾಪಕ. ಹೊರಗಿನದು ಒಳಗಿನದಕ್ಕೆ ರೇಡಿಯೋ ಅಲೆಗಳ ಮೂಲಕವೇ ಸುದ್ದಿ ಮುಟ್ಟಿಸುತ್ತದೆ. ಇಲ್ಲೊಂದು ಎಚ್ಚರಿಕೆ. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ಯಂತ್ರಗಳು ಬಹುಮಟ್ಟಿಗೆ 915 ಮೆಗಾಹರ್ಟ್ಸ್ ಅಲೆಯಲ್ಲಿ ಮಾತನಾಡುತ್ತವೆ. ನಮ್ಮ ದೇಶದಲ್ಲಿ ಆ ಅಲೆಯನ್ನು ಪರವಾನಗಿಯಿಲ್ಲದೆ ಬಳಸುವಂತಿಲ್ಲ. 433 ಮೆಗಾಹರ್ಟ್ಸ್‌ನ ಯಂತ್ರವನ್ನು ಕೇಳಿ ಕೊಳ್ಳುವುದು ಲೇಸು.

ಯಂತ್ರ ಎಷ್ಟು ಬೆಲೆಯದಾದರೂ ಅದನ್ನು ನಿಲ್ಲಿಸಿದ ಜಾಗ ಸರಿಯಿಲ್ಲದಿದ್ದರೆ ಅಂಕಿ ಸುಳ್ಳಾಗುತ್ತದೆ. ಸುಲಭವೆಂದು ಹೆಚ್ಚಿನವರು ತಾರಸಿಯ ಮೇಲೆ ನಿಲ್ಲಿಸುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಕಾದ ಕಾಂಕ್ರೀಟಿನ ಉಸಿರು ಮಾಪಕಕ್ಕೆ ತಗಲಿ, ಅದು ತಾರಸಿಯ ಜ್ವರವನ್ನು ಊರಿನ ಉಷ್ಣತೆಯೆಂದು ಸಾರುತ್ತದೆ. ಹವಾಮಾನ ಇಲಾಖೆಯ ಆವರಣಗಳಲ್ಲಿ ಬಿಳಿಯ ಬಣ್ಣದ, ಪಟ್ಟಿಪಟ್ಟಿಯ ಗೋಡೆಗಳುಳ್ಳ ಮರದ ಪೆಟ್ಟಿಗೆಯೊಂದನ್ನು ನೀವು ನೋಡಿರಬಹುದು. ನೇರ ಬಿಸಿಲು ಬೀಳದಂತೆ, ಗಾಳಿ ಮಾತ್ರ ಆಡುವಂತೆ ಮಾಡಿದ ಏರ್ಪಾಡು ಅದು. ಅದನ್ನು 1864ರಲ್ಲಿ ರೂಪಿಸಿದವನು ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರು. ನಾವು ಕಾಲೇಜಿನಲ್ಲಿ ಓದಿದ ‘ಟ್ರೆಷರ್ ಐಲೆಂಡ್’ ಕಾದಂಬರಿಯ ಕರ್ತೃ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ತಂದೆ. ಮಗನ ಕೀರ್ತಿ ಪುಸ್ತಕದ ಬೀರುಗಳಲ್ಲಿದ್ದರೆ ತಂದೆಯ ಪೆಟ್ಟಿಗೆ ಲೋಕದ ಮೂಲೆಮೂಲೆಗಳಲ್ಲಿ ಮಳೆಬಿಸಿಲಿಗೆ ನಿಂತಿದೆ. ಮನೆಯ ಯಂತ್ರದಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ಬಿಳಿಯ ಗೂಡು ಅದರದೇ ಮರಿ. ಅದನ್ನು ಹುಲ್ಲುನೆಲದ ಮೇಲೆ, ನಾಲ್ಕು ಅಡಿಗಿಂತ ತುಸು ಎತ್ತರದಲ್ಲಿ, ಗೋಡೆಗಳಿಂದ ದೂರವಾಗಿ ಇರಿಸಬೇಕು. ಮಳೆಯ ಪಾತ್ರೆ ಮರದಿಂದ, ಮನೆಯಿಂದ, ಅವುಗಳ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಗಾಳಿಯ ಬಟ್ಟಲುಗಳಿಗೆ ಹತ್ತು ಮೀಟರ್ ಎತ್ತರ ಬೇಕೆಂದು ಶಾಸ್ತ್ರ ಹೇಳುತ್ತದೆ. ಅದು ಎಲ್ಲ ಮನೆಗಳಿಗೂ ಸಾಧ್ಯವಾಗುವ ಮಾತಲ್ಲ. ಸಿಡಿಲಿನ ಸೀಮೆಯಲ್ಲಿ ಮಿಂಚುರಕ್ಷಕವಿಲ್ಲದೆ ಅಷ್ಟೆತ್ತರದ ಕಂಬ ನೆಡುವುದು ಅಪಾಯವೂ ಹೌದು.

ಮಳೆಯ ಪಾತ್ರೆಯ ಒಳಗಿನ ಯುಕ್ತಿ ಚೆಲುವಾದದ್ದು. ಏತದಂತೆ ಆಚೀಚೆ ವಾಲುವ ಎರಡು ಪುಟ್ಟ ದೊನ್ನೆಗಳು ಅಲ್ಲಿವೆ. ಒಂದು ತುಂಬಿತೋ, ವಾಲಿ ನೀರು ಚೆಲ್ಲಿ ಇನ್ನೊಂದನ್ನು ಆಲಿಕೆಯ ಕೆಳಗೆ ತರುತ್ತದೆ. ಒಂದೊಂದು ವಾಲಿಗೂ ಒಂದೊಂದು ಲೆಕ್ಕ. ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ 17ನೆಯ ಶತಮಾನದಲ್ಲಿಯೇ ಇಂಥ ವಾಲುದೊನ್ನೆಯನ್ನು ಕಲ್ಪಿಸಿದ್ದನು. ಅನೇಕ ಯಂತ್ರಗಳಲ್ಲಿ ಒಂದು ವಾಲಿಗೆ 0.2 ಮಿಲಿಮೀಟರ್ ಮಳೆ. ಈ ಲೆಕ್ಕವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಆಲಿಕೆಯ ಬಾಯಿ 16 ಸೆಂಟಿಮೀಟರ್ ಅಡ್ಡಳತೆಯದಾದರೆ ಅದರ ವಿಸ್ತಾರ ಸುಮಾರು 200 ಚದರ ಸೆಂಟಿಮೀಟರ್. ಅಳೆದ 200 ಮಿಲಿಲೀಟರ್ ನೀರನ್ನು ತೊಟ್ಟುತೊಟ್ಟಾಗಿ ಬಿಟ್ಟರೆ ಯಂತ್ರ 10 ಮಿಲಿಮೀಟರ್ ತೋರಿಸಬೇಕು, ಎಂದರೆ ದೊನ್ನೆ 50 ಸಲ ವಾಲಬೇಕು. ಒಮ್ಮೆಗೇ ಸುರಿದರೆ ಲೆಕ್ಕ ಕಡಿಮೆ ಬರುತ್ತದೆ, ಏಕೆಂದರೆ ವಾಲುತ್ತಿರುವ ಗಳಿಗೆಯಲ್ಲಿ ಬಿದ್ದ ನೀರು ಎಣಿಕೆಗೆ ಸಿಗದು. ಮಲೆನಾಡಿನ ಜಡಿಮಳೆಯಲ್ಲಿಯೂ ಹೀಗೆಯೇ ಆಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಕಡೆ ಪಕ್ಕದಲ್ಲಿ ಹಳೆಯ ಮಾದರಿಯ ಅಳತೆಗಾಜೊಂದನ್ನೂ ಇರಿಸಿಕೊಳ್ಳುವುದು ವಿವೇಕ.

ಇನ್ನು ಊಹೆಯ ಮಾತು. ಪೆಟ್ಟಿಗೆಯ ಪರದೆಯ ಮೇಲೆ ಮೋಡದ, ಸೂರ್ಯನ, ಹನಿಗಳ ಪುಟ್ಟ ಚಿತ್ರಗಳು ಮೂಡುತ್ತವೆ. ಇವನ್ನು ನೋಡಿ ಮಕ್ಕಳು ಹಿಗ್ಗುತ್ತಾರೆ, ದೊಡ್ಡವರೂ ನಂಬುತ್ತಾರೆ. ಅಂತರಜಾಲದಿಂದ ಮುನ್ಸೂಚನೆಯನ್ನು ತರಿಸಿಕೊಳ್ಳದ ಯಂತ್ರಗಳಲ್ಲಿ ಈ ಚಿತ್ರಗಳಿಗೆ ಆಧಾರ ಮುಖ್ಯವಾಗಿ ವಾಯುಭಾರದ ಏರಿಳಿತ. ಭಾರ ಇಳಿದರೆ ಮಳೆ, ಏರಿದರೆ ಬಿಸಿಲು ಎಂಬ ಸೂತ್ರ ಯೂರೋಪಿನದು; ಅಲ್ಲಿನ ಹವೆಗೆ ಅದು ತಕ್ಕಮಟ್ಟಿಗೆ ಸಲ್ಲುತ್ತದೆ. ಉಷ್ಣವಲಯದಲ್ಲಿರುವ ನಮ್ಮಲ್ಲಿ ವಾಯುಭಾರಕ್ಕೆ ಸಮುದ್ರದಂತೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಬೆಳಗ್ಗೆ ಹಾಗೂ ರಾತ್ರಿ ಹತ್ತರ ಹೊತ್ತಿಗೆ ಏರಿ, ನಸುಕಿನ ಮತ್ತು ಸಂಜೆಯ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಆಕಾಶ ಶುಭ್ರವಾಗಿದ್ದರೂ ಮಧ್ಯಾಹ್ನವಾಗುತ್ತಲೇ ಈ ಇಳಿತ ತಪ್ಪದು. ಪರದೇಶದ ಸೂತ್ರವನ್ನು ಹೊತ್ತುಬಂದ ಪೆಟ್ಟಿಗೆ ಅದನ್ನು ಕಂಡು ಮಳೆಯ ಚಿತ್ರ ಬರೆಯುತ್ತದೆ. ಎತ್ತರದ ಸಂಗತಿಯೂ ಉಂಟು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಅಲ್ಲಿನ ಸಹಜ ವಾಯುಭಾರವೇ 910 ಹೆಕ್ಟೊಪಾಸ್ಕಲ್‌ಗಳ ಆಸುಪಾಸಿನಲ್ಲಿರುತ್ತದೆ. ಊರಿನ ಎತ್ತರವನ್ನು ಯಂತ್ರಕ್ಕೆ ತಿಳಿಸದೆ ಬಿಟ್ಟವರು ಮೊದಲ ದಿನವೇ ಚಂಡಮಾರುತ ಬಂತೆಂದು ಬೆದರಬೇಕಾಗುತ್ತದೆ.

ಆದ್ದರಿಂದ ಮನೆಯೊಡನೆ ಕೂಡಿಸುವಾಗ ಯಂತ್ರ ಅಳೆದದ್ದಕ್ಕೆ ಮಾತ್ರ ಅಧಿಕಾರ ಕೊಡಬೇಕು. ಕೂಡಿಸುವ ಬಗೆ ಹಲವು. ಯಂತ್ರ ತಯಾರಿಸಿದ ಕಂಪನಿಯ ಜಾಲತಾಣಕ್ಕೆ ಅಂಕಿಗಳು ಹೋಗಿ, ಅಲ್ಲಿಂದ ನಮ್ಮ ಮೊಬೈಲಿಗೆ ಮರಳುವುದು ಒಂದು ಬಗೆ. ಮಳೆ ಹೊಡೆದ ರಾತ್ರಿಯೇ ಅಂತರಜಾಲವೂ ಕೈಕೊಡುವುದು ನಮ್ಮ ಕಡೆಯ ಅನುಭವ. ಆಗ ನಮ್ಮ ಅಂಗಳದ ಸುದ್ದಿ ನಮಗೇ ಸಿಗದು. ಮನೆಯಲ್ಲಿಯೇ ಒಂದು ಚಿಕ್ಕ ಗಣಕವನ್ನು ಇರಿಸಿಕೊಳ್ಳುವುದು ಇನ್ನೊಂದು ಬಗೆ, ನನ್ನ ಒಲವು ಇದರ ಕಡೆಗೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಷ್ಟು ಗಣಕದಲ್ಲಿ, 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಎಂಬವರು ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಉಚಿತ ತಂತ್ರಾಂಶವನ್ನು ನಡೆಸಬಹುದು. ಹವಾಯಂತ್ರದ ಅಂಕಿಗಳೂ ಪಂಪಿನ ಸ್ವಿಚ್ಚೂ ಅಲ್ಲಿ ಸೇರುತ್ತವೆ. ಗಣಕ, ರೂಟರ್ ಎರಡನ್ನೂ ಇನ್ವರ್ಟರಿಗೆ ಜೋಡಿಸಿದ್ದರೆ ಕರೆಂಟು ಹೋದಾಗಲೂ, ಹೊರಜಗತ್ತಿನ ಸಂಪರ್ಕ ಕಡಿದಾಗಲೂ ಮನೆಯೊಳಗಿನ ವ್ಯವಹಾರ ನಿಲ್ಲದು.

ಇದರಿಂದ ಏನು ಪ್ರಯೋಜನ ಎಂದು ಕೇಳುವಿರಿ. ಅಡಿಕೆಯ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕಾರ್ತಿಕದಲ್ಲಿ ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಿರುವಾಗ ಅಕಾಲದ ಮಳೆ ಬಂದರೆ ವರ್ಷದ ದುಡಿಮೆಯ ಬಣ್ಣವೇ ಕೆಡುತ್ತದೆ. ಮಕ್ಕಳೆಲ್ಲ ಪಟ್ಟಣ ಸೇರಿ, ಮುದುಕರಿಬ್ಬರೇ ಇರುವ ಮನೆಗಳಲ್ಲಿ ಮೊದಲ ಹನಿಯ ಸುದ್ದಿ ಹತ್ತು ನಿಮಿಷ ಮೊದಲು ತಿಳಿದರೂ ಟಾರ್ಪಾಲು ಎಳೆಯಲು ಅವಕಾಶವಾದೀತು. ಆದರೆ ವಾಲುದೊನ್ನೆ ಇಲ್ಲಿ ಸಾಲದು; ತುಂತುರಿನಲ್ಲಿ ಅದು ತುಂಬಿ ವಾಲುವಷ್ಟರಲ್ಲಿ ಅಡಿಕೆ ನೆನೆದಿರುತ್ತದೆ. ಹನಿ ಸೋಂಕಿದೊಡನೆ ವಿದ್ಯುತ್ತು ಹರಿದು ಸೂಚನೆ ಕೊಡುವ ಪುಟ್ಟ ಫಲಕವೊಂದು ಬೇರೆಯಾಗಿ ಸಿಗುತ್ತದೆ, ಬೆಲೆಯೂ ಅಲ್ಪ. ಅದನ್ನು ಓರೆಯಾಗಿ ನಿಲ್ಲಿಸಿ ಮನೆಯೊಳಗಿನ ಗಂಟೆಗೆ ಜೋಡಿಸಬೇಕು. ಓರೆಯಾಗಿಟ್ಟರೂ ಮಾಗಿಯ ಬೆಳಗಿನ ಇಬ್ಬನಿ ಅದನ್ನು ಏಮಾರಿಸುವುದುಂಟು. ನಸುಕಿನ ಹೊತ್ತು ಅದು ಕೂಗಿದರೆ ಕಿಟಕಿ ತೆರೆದು ನೋಡುವುದೇ ಸರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಮಾತ್ರ ದೊನ್ನೆಯ ಲೆಕ್ಕವೇ ಬೇಕು. ಮಳೆಗಾಲದ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಕಳೆದು ಮತ್ತೊಮ್ಮೆ ಎಂಬುದು ವಾಡಿಕೆ. ಮೊದಲ ಔಷಧಿಯ ತರುವಾಯ ತಮ್ಮ ತೋಟದಲ್ಲಿಯೇ ಎಷ್ಟು ಮಳೆ ಬಿದ್ದಿತು, ಎಷ್ಟು ದಿನ ಹೊಳವಾಗಿತ್ತು ಎಂಬುದು ಕಣ್ಣೆದುರಿಗಿದ್ದರೆ ಆಳುಗಳನ್ನು ಕರೆಯುವ ದಿನವನ್ನು ಗೊತ್ತುಮಾಡುವುದು ಸುಲಭ.

ನೆರೆಯ ಗ್ರಾಮದ ಮಿತ್ರರೊಬ್ಬರು ತೋಟದ ಪಂಪನ್ನು ಹೀಗೆ ಕೂಡಿಸಿದ್ದರು. ಹಿಂದಿನ ಒಂದು ದಿನದಲ್ಲಿ 5 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗಿದ್ದರೆ ಬೆಳಗ್ಗೆ ಐದಕ್ಕೆ ಪಂಪು ತಾನಾಗಿ ನೀರು ಹಾಯಿಸಬೇಕು ಎಂಬುದು ಅವರ ಕಟ್ಟಳೆ. ಮೇ ತಿಂಗಳ ಒಂದು ರಾತ್ರಿ ಗುಡುಗು ಸಿಡಿಲಿನೊಡನೆ ಕೆರೆ ತುಂಬುವ ಮಳೆ. ಬೆಳಗಾದರೆ ಆ ನೆನೆದ ತೋಟಕ್ಕೇ ಪಂಪು ನೀರು ಹಾಯಿಸುತ್ತಿತ್ತು! ಅಡಿಕೆ ಮರದ ಕೆಳಗಿದ್ದ ಆಲಿಕೆಯಲ್ಲಿ ಸಿಂಗಾರದ ಹೂವು ಉದುರಿ ತೂತು ಮುಚ್ಚಿಹೋಗಿ, ಯಂತ್ರದ ಪಾಲಿಗೆ ಆ ರಾತ್ರಿ ಮಳೆಯೇ ಬಿದ್ದಿರಲಿಲ್ಲ. ಯಂತ್ರಕ್ಕೆ ಸೊನ್ನೆಯೂ ಒಂದು ಅಂಕಿಯೇ. ಮಳೆಯಿಲ್ಲ ಎಂಬುದಕ್ಕೂ ತನಗೆ ಕಾಣಲಿಲ್ಲ ಎಂಬುದಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು. ಈಗ ಅವರು ಪಾತ್ರೆಯನ್ನು ಬಯಲಿಗೆ ಸರಿಸಿದ್ದಾರೆ, ವಾರಕ್ಕೊಮ್ಮೆ ಒರೆಸುತ್ತಾರೆ. ಮೇಲಾಗಿ ಎರಡು ಸಾಕ್ಷಿಗಳ ನಿಯಮ ಮಾಡಿದ್ದಾರೆ. ಹನಿಯ ಫಲಕ ಮಳೆಯೆಂದು ಹೇಳಿ ದೊನ್ನೆ ಸೊನ್ನೆ ತೋರಿಸಿದರೆ ಪಂಪು ಚಾಲೂ ಆಗಕೂಡದು. ಮೊಬೈಲಿಗೆ ಸುದ್ದಿ ಬಂದು ಯಜಮಾನರ ಅಪ್ಪಣೆಗೆ ಕಾಯಬೇಕು.

ಲೆಕ್ಕ ಇಡುವ ಬಗ್ಗೆ ಒಂದು ಮಾತು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. ಮನೆಯ ಯಂತ್ರ ಸಾಮಾನ್ಯವಾಗಿ ನಡುರಾತ್ರಿಗೆ ಸೊನ್ನೆಗೆ ಮರಳುತ್ತದೆ. ಪತ್ರಿಕೆಯ ಅಂಕಿಗೂ ನಮ್ಮದಕ್ಕೂ ತಾಳೆಯಾಗದೆ ಜನ ಯಂತ್ರವನ್ನು ಬಯ್ಯುವುದಕ್ಕೆ ಬಹಳ ಸಲ ಇದೇ ಕಾರಣ. ಗಣಕದಲ್ಲಿ ಅದನ್ನು 8.30ಕ್ಕೆ ಹೊಂದಿಸಿಕೊಳ್ಳಬಹುದು. ರೋಹಿಣಿಯಿಂದ ಸ್ವಾತಿಯವರೆಗಿನ ಮಳೆನಕ್ಷತ್ರಗಳ ದಿನಾಂಕಗಳನ್ನು ಪಂಚಾಂಗ ನೋಡಿ ಅದಕ್ಕೇ ಕೊಟ್ಟರೆ ಆರಿದ್ರೆಯಲ್ಲಿ ಎಷ್ಟು ಬಿತ್ತು, ಆಶ್ಲೇಷದಲ್ಲಿ ಎಷ್ಟು ಬಿತ್ತು ಎಂಬುದನ್ನೂ ಕೂಡಿಸಿ ಹೇಳುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲಿ ಹೇಳುವುದುಂಟು. ನೂರು ಸೆಂಟು ಒಂದಿಂಚು, ಸುಮಾರು 25 ಮಿಲಿಮೀಟರ್. ಅಲ್ಲಿ ಹೂಮಳೆಗೆ ಒಂದಿಂಚು ಸಾಕಾಯಿತೆ, ಕೊರತೆಯನ್ನು ಸ್ಪ್ರಿಂಕ್ಲರಿನಿಂದ ತುಂಬಬೇಕೆ ಎಂಬುದು ವರ್ಷದ ಫಸಲಿನ ಪ್ರಶ್ನೆ. ತಲೆಮಾರುಗಳಿಂದ ಬರೆದಿಟ್ಟ ಮಳೆಯ ಪುಸ್ತಕಗಳಿರುವ ಅಂಥ ಮನೆಗಳವರು ಹೊಸ ಯಂತ್ರ ಬಂದಿತೆಂದು ಹಳೆಯ ಅಳತೆಗಾಜನ್ನು ತೆಗೆದಿಡಬಾರದು. ಒಂದೆರಡು ಮಳೆಗಾಲ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಎರಡರ ಅಂಕಿಗಳನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತ ಹೋದರೆ ಅಜ್ಜನ ಲೆಕ್ಕಕ್ಕೂ ಮೊಮ್ಮಗನ ಲೆಕ್ಕಕ್ಕೂ ಎಷ್ಟು ಸೆಂಟಿನ ಅಂತರವೆಂಬುದು ಗೊತ್ತಾಗುತ್ತದೆ.