ಕೋಲಾರ ಸೀಮೆಗೆ ಹೋಗುವುದಾದರೆ ಯಾವ ಋತುವಿನಲ್ಲಿ?

ರಜೆಯ ದಿನಗಳು ಸಮೀಪಿಸಿದಂತೆ ನಗರದ ಗೃಹಸ್ಥರ ಮನೆಗಳಲ್ಲಿ ಎರಡು ಪ್ರಶ್ನೆಗಳು ತಲೆಯೆತ್ತುತ್ತವೆ: ಎಲ್ಲಿಗೆ ಹೋಗುವುದು, ಯಾವಾಗ ಹೋಗುವುದು. ಮೊದಲನೆಯದನ್ನು ಕುರಿತು ವಾರಗಟ್ಟಲೆ ವಾದ ನಡೆಯುತ್ತದೆ. ಎರಡನೆಯದನ್ನು ಶಾಲೆಯ ರಜಾಪಟ್ಟಿಗೆ ಒಪ್ಪಿಸಿ ಸುಮ್ಮನಾಗುತ್ತೇವೆ. ದ್ವೀಪಗಳಿಗೆ ಹೊರಡುವವರಿಗೆ ಈ ಉದಾಸೀನ ಸಲ್ಲದು. ಮಲ್ಪೆಯ ದಡದಿಂದಾಚೆಗಿರುವ ಸೇಂಟ್ ಮೇರಿ ದ್ವೀಪಕ್ಕೆ ಮಳೆಗಾಲದಲ್ಲಿ ಪ್ರವಾಸಿಗರ ದೋಣಿಯೇ ಹೊರಡದು. ಅಂಡಮಾನಿಗೆ ಹೋಗುವವರೂ ಮಳೆ ಹಿಂದೆಗೆಯುವ ತನಕ ಕಾಯುತ್ತಾರೆ. ಅಲ್ಲಿ ಋತುವನ್ನು ನಿರ್ಣಯಿಸುವುದು ಕಡಲು. ಕಡಲಾಗಲಿ ತುಂಬಿ ಹರಿಯುವ ನದಿಯಾಗಲಿ ಇಲ್ಲದ ನಾಡಿಗೆ ಹೊರಟಾಗ ಮಾತ್ರ ನಾವೇ ಆಲೋಚಿಸಿ ನಿರ್ಣಯಿಸಬೇಕಾಗುತ್ತದೆ.

ಅಂಥ ನಾಡು ನಮ್ಮ ಕೋಲಾರ ಸೀಮೆ. ಬೆಂಗಳೂರಿನಿಂದ ಒಂದೆರಡು ತಾಸಿನ ದಾರಿ. ತಿರುಪತಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಇದನ್ನು ನೋಡಿದವರು ಲಕ್ಷಾಂತರ ಮಂದಿ. ಇಳಿದು ನೋಡಿದವರು ವಿರಳ. ಕಿಟಕಿಯಿಂದ ಕಂಡವರೆಲ್ಲರೂ ಆಡುವ ಮಾತೊಂದೇ: ‘ಬರಡು ನೆಲ.’ ಅವರು ಯಾವ ತಿಂಗಳಿನಲ್ಲಿ ಕಂಡರೆಂಬುದನ್ನು ವಿಚಾರಿಸಿದರೆ ಆ ಮಾತಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಭೂಪಟವನ್ನು ತೆರೆದರೆ ಮಲ್ಪೆ, ಕೋಲಾರಗಳೆರಡೂ 13ನೆಯ ಅಕ್ಷಾಂಶದ ಆಸುಪಾಸಿನಲ್ಲಿಯೇ ಇವೆ. ಆದರೆ ಅಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿದರೆ ಇಲ್ಲಿ ಬೀಳುವುದು 700ರಿಂದ 750. ನೈಋತ್ಯದ ಮಾರುತ ತನ್ನ ಸಿರಿಯನ್ನೆಲ್ಲ ಪಶ್ಚಿಮಘಟ್ಟದಲ್ಲಿಯೇ ಇಳಿಸಿ ಬರಿಗೈಯಲ್ಲಿ ಕೋಲಾರಕ್ಕೆ ಬರುತ್ತದೆ. ಜೂನ್, ಜುಲೈಗಳಲ್ಲಿ ಇಲ್ಲಿ ಮೋಡ ಕವಿದು ಗಾಳಿ ಬೀಸುವುದೇ ಹೆಚ್ಚು, ಹನಿಯುವುದು ಕಡಮೆ. ಸೀಮೆಗೆ ನಿಜವಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರಿನಲ್ಲಿಯೂ ಬರುವುದುಂಟು. ಅಂತೂ ಮಲ್ಪೆಯವರು ಮಳೆಗಾಲ ಮುಗಿಯಿತೆಂದು ದೋಣಿಗಳನ್ನು ನೀರಿಗೆ ನೂಕುವ ಹೊತ್ತಿಗೆ ಕೋಲಾರದವನು ಆಕಾಶವನ್ನು ಆಸೆಯಿಂದ ನೋಡುತ್ತಿರುತ್ತಾನೆ.

ಕಡಲಿಲ್ಲದಿದ್ದರೂ ದ್ವೀಪಗಳಿಗೆ ಇಲ್ಲಿ ಕೊರತೆಯಿಲ್ಲವೆಂದರೆ ವಾಚಕರು ನಗಬಾರದು. ಬಯಲಿನ ನಡುವೆ ಒಂಟಿಯಾಗಿ ಮೇಲೇಳುವ ಬಂಡೆಬೆಟ್ಟಕ್ಕೆ ಭೂವಿಜ್ಞಾನಿಗಳು ಜರ್ಮನ್ ಭಾಷೆಯಿಂದ ಪಡೆದ ಹೆಸರು ‘ಇನ್ಸೆಲ್‌ಬರ್ಗ್’, ಎಂದರೆ ದ್ವೀಪಪರ್ವತ. ಮುಳಬಾಗಿಲಿನ ಬೆಟ್ಟ, ಆವನಿಯ ಬೆಟ್ಟಗಳನ್ನು ದೂರದಿಂದ ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ಬೆಟ್ಟಗಳಿಗಾಗಿಯೂ ದೇವಾಲಯಗಳಿಗಾಗಿಯೂ ಹೋಗುವವರಿಗೆ ನವೆಂಬರಿನ ಕೊನೆಯಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಏಪ್ರಿಲಿನಲ್ಲಿ ಬಂಡೆ ಕಾದ ಬಾಣಲೆಯಾಗಿರುತ್ತದೆ. ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು ಆವನಿಯ ಬೆಟ್ಟವನ್ನೇರುವುದು ಆಗ ಸಾಹಸವಲ್ಲ, ಅವಿವೇಕ. ಚಳಿಗಾಲದಲ್ಲಾದರೆ ಬೆಳಗಿನ ಮಂಜು ಹರಿಯುತ್ತಿದ್ದಂತೆ ಹತ್ತಿ, ಬಿಸಿಲೇರುವ ಮುನ್ನ ಇಳಿಯಬಹುದು. ಕೋಲಾರ ಪಟ್ಟಣದಲ್ಲಿ ಚೋಳರ ಕಾಲದ ಶಾಸನಗಳನ್ನು ಹೊತ್ತ ಕೋಲಾರಮ್ಮನ ಗುಡಿ, ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿ, ಬಸವನ ಬಾಯಿಂದ ನೀರು ಹರಿಯುವ ಅಂತರಗಂಗೆ. ಮುಳಬಾಗಿಲಿನ ಕಡೆಗೆ ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳ ಸಮೂಹ, ಕುರುಡುಮಲೆಯಲ್ಲಿ ಆಳೆತ್ತರಕ್ಕೆ ಎರಡು ಪಟ್ಟು ಮೀರಿದ ಏಕಶಿಲೆಯ ಗಣಪತಿ. ಇವೆಲ್ಲವನ್ನೂ ಎರಡು ದಿನಗಳಲ್ಲಿ ನಿಧಾನವಾಗಿ ನೋಡಬಹುದು. ಒಂದೇ ದಿನದಲ್ಲಿ ಮುಗಿಸುತ್ತೇವೆನ್ನುವವರಿಗೆ ನನ್ನ ಸಲಹೆ ಬೇಕಿಲ್ಲ.

ಚಳಿಗಾಲಕ್ಕೆ ಇನ್ನೊಂದು ಆಕರ್ಷಣೆಯುಂಟು: ಅವರೆಕಾಯಿ. ಡಿಸೆಂಬರು, ಜನವರಿಗಳ ಸೊಗಡಿನ ಅವರೆ, ಆಗ ತಾನೇ ಕಣದಿಂದ ಬಂದ ಹೊಸ ರಾಗಿ. ಹಿತುಕಿದ ಬೇಳೆಯ ಸಾರು, ಬಿಸಿ ಮುದ್ದೆ. ಇವು ಕೂಡಿದ ಎಲೆಯ ಮುಂದೆ ಕುಳಿತವನು ‘ಬರಡು ನೆಲ’ವೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ಏಳಲಾರ. ಮುಳಬಾಗಿಲಿನ ದೋಸೆಗೆ ಮಾತ್ರ ಋತುವಿನ ಹಂಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಲ್ಲರೂ ಹೇಳುವಂಥದೇ. ಆದರೆ ಚಳಿಗಾಲದಲ್ಲಿ ಮಾತ್ರ ಹೋಗಿಬಂದವನು ಸೀಮೆಯ ಕಲ್ಲನ್ನು ನೋಡಿದನೇ ಹೊರತು ಬದುಕನ್ನು ನೋಡಲಿಲ್ಲವೆಂಬುದು ನನ್ನ ಅಭಿಪ್ರಾಯ. ಬದುಕನ್ನು ನೋಡಬೇಕಾದರೆ ಜೂನ್ ತಿಂಗಳಿನಲ್ಲಿ, ಅದರಲ್ಲಿಯೂ ಶ್ರೀನಿವಾಸಪುರಕ್ಕೆ ಹೋಗಬೇಕು.

ರಾಮನಗರದ ಕಡೆ ಏಪ್ರಿಲಿನಲ್ಲಿಯೇ ಮಾವು ಪೇಟೆಗೆ ಬರುತ್ತದೆ. ಶ್ರೀನಿವಾಸಪುರದ ಮಾವಿಗೆ ಆ ಆತುರವಿಲ್ಲ. ಇಲ್ಲಿ ಮರಗಳು ತಡವಾಗಿ ಹೂ ಬಿಡುತ್ತವೆ. ಮೇ ತಿಂಗಳ ಕೊನೆಯಲ್ಲಿ ಆರಂಭವಾಗುವ ಸುಗ್ಗಿ ಜುಲೈಯವರೆಗೆ ಸಾಗುತ್ತದೆ. ಮೊದಲು ಬಾದಾಮಿ, ರಸಪುರಿ, ಹಿಂದೆಯೇ ಸೇಂದೂರ, ಮಲ್ಲಿಕಾ, ತೋತಾಪುರಿ, ಕೊನೆಗೆ ನೀಲಂ. ರಸ್ತೆಯ ಎರಡು ಕಡೆಗಳಲ್ಲಿಯೂ ಕಣ್ಣು ಹರಿಯುವಷ್ಟು ದೂರ ತೋಪುಗಳು. ಮಂಡಿಗಳ ಮುಂದೆ ಲಾರಿಗಳು, ಟ್ರಾಕ್ಟರುಗಳು, ಗುಡ್ಡೆ ಗುಡ್ಡೆಯಾಗಿ ಸುರಿದ ಕಾಯಿ. ಕನ್ನಡ ತೆಲುಗುಗಳು ಒಂದೇ ವಾಕ್ಯದಲ್ಲಿ ಕೈ ಹಿಡಿದು ನಡೆಯುವ ವ್ಯಾಪಾರದ ಮಾತು. ಭಾಷಾಶಾಸ್ತ್ರವನ್ನು ಪುಸ್ತಕದಿಂದ ಕಲಿತ ನನ್ನಂಥವರು ಈ ಮಂಡಿಗಳಲ್ಲಿ ಒಂದು ತಾಸು ನಿಲ್ಲುವುದು ಒಳ್ಳೆಯದು.

ನೋಡುವವನಿಗೆ ಇದು ಸಂಭ್ರಮ. ಬೆಳೆದವನಿಗೆ ವರ್ಷದ ತೀರ್ಪು. ಮಾವು ಸಾಮಾನ್ಯವಾಗಿ ಒಂದು ವರ್ಷ ತುಂಬಿ ಕಾಯ್ದರೆ ಮರುವರ್ಷ ಮುನಿಯುವ ಮರ. ತುಂಬಿ ಕಾಯ್ತರೂ ಬೆಲೆ ಕೈಕೊಡಬಹುದು. ಇಲ್ಲಿಯ ತೋತಾಪುರಿಯ ಬಹುಭಾಗ ತಿರುಳು ತೆಗೆಯುವ ಕಾರ್ಖಾನೆಗಳಿಗಾಗಿ ಗಡಿ ದಾಟಿ ಚಿತ್ತೂರಿನ ಕಡೆಗೆ ಹೋಗುವಂಥದು. 2025ರ ಜೂನ್ ತಿಂಗಳಿನಲ್ಲಿ ಚಿತ್ತೂರು ಜಿಲ್ಲೆಯ ಆಡಳಿತ ಹೊರಗಿನ ತೋತಾಪುರಿ ಒಳಗೆ ಬರಕೂಡದೆಂದು ಆಜ್ಞೆ ಹೊರಡಿಸಿತು. ಸುಗ್ಗಿಯ ನಡುವೆಯೇ ಬೆಲೆ ಕುಸಿದು ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಟೊಮೇಟೊ ಬೆಳೆಯ ಕಥೆಯೂ ಹೀಗೆಯೇ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಒಂದು ಪೆಟ್ಟಿಗೆಗೆ 2,000 ರೂಪಾಯಿ ಮೀರಿದ ಬೆಲೆ ಬಂದುದನ್ನು ದೇಶವೆಲ್ಲ ಓದಿತು. ಅದೇ ಹಣ್ಣನ್ನು ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲಿಯೇ ಬಿಟ್ಟ ದಿನಗಳು ಅಷ್ಟು ಸುದ್ದಿಯಾಗುವುದಿಲ್ಲ.

ಜೂನ್ ತಿಂಗಳಿಗೆ ಬೇರೆ ಸಂದರ್ಭಗಳೂ ಒದಗುತ್ತವೆ. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಆರಾಧನೆ. ಹರಿದಾಸರ ಹಾಡುಗಳು ಮನೆಮಾತಾಗಿರುವ ಕುಟುಂಬಗಳಿಗೆ ಅದಕ್ಕಿಂತ ಬೇರೆ ಕಾರಣ ಬೇಡ. ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದುದು ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, 1891ರ ಜೂನ್ 6ರಂದು. ಮಾಲೂರನ್ನು ಹಂಚು, ಇಟ್ಟಿಗೆಗಳ ಊರೆಂದು ಮಾತ್ರ ಬಲ್ಲವರು ಈ ತಿಂಗಳು ಮಾಸ್ತಿಯವರೆಗೂ ಒಮ್ಮೆ ಹೋಗಿಬರಬಹುದು. ಶ್ರಾವಣದ ಶನಿವಾರಗಳಂದು ಮಾತ್ರ ಅದೇ ತಾಲ್ಲೂಕಿನ ಚಿಕ್ಕತಿರುಪತಿಗೆ ಜನಸಂದಣಿ ಬಹಳ. ಶಾಂತವಾಗಿ ದರ್ಶನ ಮಾಡಬಯಸುವವರು ಬೇರೆ ದಿನವನ್ನು ಆರಿಸಿಕೊಳ್ಳಲಿ.

ಇನ್ನು ಕೆರೆಗಳು. ಈ ಜಿಲ್ಲೆಯಲ್ಲಿ 2,500ಕ್ಕೂ ಮೇಲ್ಪಟ್ಟು ಕೆರೆಗಳಿವೆಯಾದರೂ ಪ್ರವಾಸಿಗೆ ಬಹುಕಾಲ ಕಾಣುತ್ತಿದ್ದುದು ಜಾಲಿ ಬೆಳೆದ ಅಂಗಳಗಳು. 2018ರ ಜೂನ್ ತಿಂಗಳಿನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳೆನೀರು ಲಕ್ಷ್ಮೀಸಾಗರದ ಕೆರೆಗೆ ಹರಿಯಿತು. ಅಲ್ಲಿಂದ ಕೆರೆಯಿಂದ ಕೆರೆಗೆ ಮುಂದುವರಿಯಿತು. ಅಂತರ್ಜಲ ಮೇಲೆ ಬಂದಿತೆಂದು ಹರ್ಷಪಡುವವರುಂಟು. ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರನ್ನು ನೆಲಕ್ಕೆ ಇಂಗಿಸುವುದು ಸರಿಯೇ ಎಂದು ಕೇಳುವವರೂ ಉಂಟು. ಎರಡನೆಯವರ ಪ್ರಶ್ನೆಯನ್ನು ನಾವು ಬೆಂಗಳೂರಿನವರು ಹಗುರವಾಗಿ ಕಾಣಬಾರದು. ಆ ನೀರು ನಮ್ಮ ಮನೆಗಳಿಂದಲೇ ಹೊರಟದ್ದು. ಮಳೆಯ ನೀರಿನಿಂದಲೇ ತುಂಬಿದ ಕೆರೆಯನ್ನು ನೋಡಬೇಕೆಂಬವರು, 2021ರಂತೆ ಹಿಂಗಾರು ಚೆನ್ನಾಗಿ ಬಿದ್ದ ವರ್ಷ, ನವೆಂಬರಿನ ಕೊನೆಗೆ ಹೋಗಬೇಕು. ಆ ವರ್ಷ ದಶಕಗಳಿಂದ ಒಣಗಿದ್ದ ಕೋಡಿಗಳು ಹರಿದವು. ಅಂಥ ವರ್ಷಕ್ಕಾಗಿ ಮುಂಗಡ ಟಿಕೆಟ್ಟು ತೆಗೆಯಲಾಗುವುದಿಲ್ಲ. ಪತ್ರಿಕೆಯಲ್ಲಿ ಸುದ್ದಿ ಓದಿದ ವಾರವೇ ಹೊರಟುಬಿಡಬೇಕು.

ಯಾವ ಋತುವಿನಲ್ಲಿಯೂ ಹೋಗಬಾರದ ಒಂದು ಸ್ಥಳವನ್ನು ಹೇಳುವುದು ಬಾಕಿಯಿದೆ. ಈ ಜಿಲ್ಲೆಯ ಹನುಮನಹಳ್ಳಿಯ ಬಂಡೆಗುಹೆಯಲ್ಲಿ ಬಾವಲಿಯ ಜಾತಿಯೊಂದಿದೆ. ವಿಜ್ಞಾನಿಗಳು ಅದನ್ನು ಪ್ರತ್ಯೇಕ ಜಾತಿಯೆಂದು ವರ್ಣಿಸಿದ್ದು 1994ರಲ್ಲಿ. ಲೋಕದಲ್ಲಿ ಬೇರೆಲ್ಲಿಯೂ ಈಗ ಅದರ ನೆಲೆ ಕಂಡುಬಂದಿಲ್ಲ. ಉಳಿದಿರುವುದು ಕೆಲವೇ ನೂರು ಅಥವಾ ಅದಕ್ಕೂ ಕಡಮೆ. ಸುತ್ತಲಿನ ಬಂಡೆಗಳನ್ನು ಒಡೆಯುವ ಕೆಲಸದಿಂದ ಅದು ನಾಶದ ಅಂಚಿಗೆ ಬಂದಿತ್ತು. ಬೆಳಕು, ಗದ್ದಲ ಎರಡನ್ನೂ ಅದು ತಾಳದು. ಆ ದಾರಿಯಲ್ಲಿ ಹೋಗುವ ಕಾರುಗಳು ನಿಲ್ಲದೆ ಮುಂದಕ್ಕೆ ಹೋಗಲಿ; ಆವನಿಯಲ್ಲಿ ಶಿವರಾತ್ರಿಯ ಜಾತ್ರೆ ನೆರೆದಿದ್ದರೆ ಅಲ್ಲಿ ಇಳಿಯುವುದಕ್ಕೆ ಬೇಕಾದಷ್ಟು ಜಾಗವಿದೆ.