ಮನೆಯಲ್ಲೊಂದು ಚಿತ್ರೋತ್ಸವ

ಪರೀಕ್ಷೆಯ ಕೊನೆಯ ಪತ್ರಿಕೆ ಬರೆದು ಹೊರಬಂದ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ನಿದ್ದೆ, ಅನಂತರ ಸಿನಿಮಾ. ಜೊತೆಗೊಬ್ಬ ಗೆಳೆಯನಿದ್ದರಂತೂ ಒಂದು ಸಿನಿಮಾ ಸಾಲದು, ಸಾಲಾಗಿ ನಾಲ್ಕಾರು ನೋಡಿಬಿಡಬೇಕೆಂಬ ಆಸೆ. ಈ ಆಸೆ ಹೊಸದೇನಲ್ಲ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೆಲ್ಲ ವಿಡಿಯೊ ಲೈಬ್ರರಿಗಳಿದ್ದವು. ಶನಿವಾರ ಸಂಜೆ ವಿ.ಸಿ.ಪಿ.ಯನ್ನೂ ಮೂರ್ನಾಲ್ಕು ಕ್ಯಾಸೆಟ್ಟುಗಳನ್ನೂ ಬಾಡಿಗೆಗೆ ತಂದು, ಅಕ್ಕಪಕ್ಕದ ಮನೆಯವರನ್ನು ಕರೆದು, ಬೆಳಗಿನ ಜಾವದವರೆಗೆ ನೋಡುತ್ತಿದ್ದರು. ಕೊಟ್ಟ ಬಾಡಿಗೆ ದಂಡವಾಗಬಾರದೆಂದು, ಕಣ್ಣು ಎಳೆಯುತ್ತಿದ್ದರೂ ಕೊನೆಯ ಕ್ಯಾಸೆಟ್ಟನ್ನು ಬಿಡುತ್ತಿರಲಿಲ್ಲ. ಮರುದಿನ ಕೇಳಿದರೆ ಯಾವ ದೃಶ್ಯ ಯಾವ ಸಿನಿಮಾದ್ದು ಎಂಬುದೇ ಕಲಸುಮೇಲೋಗರ!

ಈಗ ಕ್ಯಾಸೆಟ್ಟೂ ಇಲ್ಲ, ಅದರ ಬಾಡಿಗೆಯೂ ಇಲ್ಲ. ಅಂಗೈಯಲ್ಲೇ ಸಾವಿರಾರು ಚಿತ್ರಗಳು. ಆದರೆ ಒಂದು ಮುಗಿಯುವಷ್ಟರಲ್ಲಿ ಮುಂದಿನದನ್ನು ಯಂತ್ರವೇ ಆರಿಸಿ ಮುಂದಿಡುತ್ತದೆ. ನೋಡುವವನಿಗೆ ಉಳಿದಿರುವ ಕೆಲಸ ಬೆರಳಾಡಿಸುವುದಷ್ಟೆ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಪರದೆ, ನಾಲ್ಕು ಮೂಲೆ. ಹೀಗಿರುವಾಗ ಇಬ್ಬರು ಗೆಳೆಯರು ಒಂದು ಹಾಳೆ ಹಿಡಿದು ಕುಳಿತು, ಯಾವ ಚಿತ್ರ, ಏಕೆ, ಯಾವ ಕ್ರಮದಲ್ಲಿ ಎಂದು ತಾವೇ ನಿರ್ಧರಿಸಿ ಮನೆಯಲ್ಲೊಂದು ಪುಟ್ಟ ಚಿತ್ರೋತ್ಸವ ಮಾಡಿದರೆ ಹೇಗೆ? ಆರಿಸುವ ಹಕ್ಕು ಯಂತ್ರದಿಂದ ಮನುಷ್ಯನಿಗೆ ವಾಪಸು ಬರುತ್ತದೆ. ರಜೆಯ ಎರಡು ದಿನಗಳಿಗೆ ಇದು ಸಣ್ಣ ಲಾಭವೇನಲ್ಲ.

ಗೆಳೆಯರಿಂದಲೇ ಆರಂಭ

ಗೆಳೆಯರು ಸೇರಿ ಚಿತ್ರ ನೋಡಿದ್ದರಿಂದ ದೊಡ್ಡ ಕೆಲಸಗಳಾದ ನಿದರ್ಶನಗಳಿವೆ. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಅವರ ಗೆಳೆಯ ಚಿದಾನಂದ ದಾಸ್‌ಗುಪ್ತ ಮೊದಲಾದವರು ಕೂಡಿ ಕಲ್ಕತ್ತಾ ಫಿಲಂ ಸೊಸೈಟಿ ಕಟ್ಟಿದರು. ಒಳ್ಳೆಯ ಚಿತ್ರಗಳನ್ನು ಹುಡುಕಿ ತರುವುದು, ನೋಡುವುದು, ಚರ್ಚಿಸುವುದು ಅವರ ಕೆಲಸವಾಗಿತ್ತು. 1950ರಲ್ಲಿ ರಾಯ್ ಅವರು ಉದ್ಯೋಗನಿಮಿತ್ತ ಲಂಡನ್ನಿನಲ್ಲಿ ಐದು ತಿಂಗಳೊಳಗೆ ಸುಮಾರು ನೂರು ಸಿನಿಮಾ ನೋಡಿದರು. ಆ ಪೈಕಿ ಇಟಲಿಯ ‘ಬೈಸಿಕಲ್ ಥೀವ್ಸ್’ ಅವರ ದಾರಿಯನ್ನೇ ತೀರ್ಮಾನಿಸಿತು. ಐದು ವರ್ಷಗಳ ನಂತರ, 1955ರಲ್ಲಿ, ‘ಪಥೇರ್ ಪಾಂಚಾಲಿ’ ಬಂತು.

ಕನ್ನಡನಾಡಿನಲ್ಲೂ ಇಂಥ ಪ್ರಯತ್ನಗಳು ನಡೆದಿವೆ. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲಂ ಸೊಸೈಟಿ ಆರಂಭವಾಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಎಪ್ಪತ್ತರ ದಶಕದಲ್ಲಿಯೇ ಚಿತ್ರಸಮಾಜ ನಡೆಸಿ, ಅಡಕೆ ತೋಟದ ಊರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತಂದಿತು. ಬೆಂಗಳೂರಿನ ಉತ್ತರ ಭಾಗವೂ ಸಿನಿಮಾಕ್ಕೆ ಹೊರಗಿನದಲ್ಲ. 1966ರಲ್ಲಿ ಸ್ಥಾಪನೆಯಾದ ಕಂಠೀರವ ಸ್ಟುಡಿಯೊ ಇರುವುದು ಯಶವಂತಪುರದ ಸಮೀಪದಲ್ಲೇ. ಡಾ. ರಾಜ್‌ಕುಮಾರ್ ಅವರ ಸಮಾಧಿಯೂ ಆ ಆವರಣದಲ್ಲಿಯೇ ಇದೆ.

ಒಂದು ಸ್ಥಿರ, ಉಳಿದದ್ದು ಚರ

ಸಾಮಾನ್ಯವಾಗಿ ಸಿನಿಮಾ ಆರಿಸುವುದು ನಾಯಕನಟನ ಹೆಸರು ನೋಡಿ. ಚಿತ್ರೋತ್ಸವಕ್ಕೆ ಬೇರೆ ಕ್ರಮ ಬೇಕು. ಪ್ರಯೋಗಾಲಯದಲ್ಲಿ ಲೋಲಕದ ಪ್ರಯೋಗ ಮಾಡುವಾಗ ದಾರದ ಉದ್ದ, ಗುಂಡಿನ ತೂಕ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿದಾಗಲೇ ನಿಯಮ ಗೋಚರಿಸುತ್ತದೆ. ಸಿನಿಮಾಕ್ಕೂ ಇದು ಒಪ್ಪುತ್ತದೆ. ನಿರ್ದೇಶಕನನ್ನು ಸ್ಥಿರವಾಗಿಟ್ಟು ಕಥೆ, ನಟರು, ಕಾಲ ಬದಲಾಗುವಂತೆ ಎರಡು ಮೂರು ಚಿತ್ರಗಳನ್ನು ನೋಡಿ. ಎಲ್ಲ ಬದಲಾದರೂ ಬದಲಾಗದೆ ಉಳಿಯುವುದು ಯಾವುದೋ ಅದೇ ಆ ನಿರ್ದೇಶಕನ ಕೈಗುರುತು.

ಯಲಹಂಕ ಉಪನಗರದ ಒಬ್ಬ ಹುಡುಗ, ಆರ್.ಟಿ. ನಗರದ ಅವನ ಗೆಳೆಯ ಹೀಗೊಂದು ಯೋಜನೆ ಹಾಕುತ್ತಾರೆಂದು ಭಾವಿಸೋಣ. ಒಬ್ಬನಿಗೆ ಶಂಕರ್‌ನಾಗ್ ಎಂದರೆ ಪ್ರಾಣ. ಇನ್ನೊಬ್ಬನಿಗೆ ಗಿರೀಶ್ ಕಾಸರವಳ್ಳಿ. “ಅದು ಅವಾರ್ಡ್ ಸಿನಿಮಾ ಕಣೋ, ನಿದ್ದೆ ಬರುತ್ತೆ” ಎಂದು ಮೊದಲನೆಯವನು. “ನಿನ್ನದರಲ್ಲಿ ಬರೀ ಓಟವೇ ಅಲ್ಲವೇನೋ” ಎಂದು ಎರಡನೆಯವನು. ಜಗಳ ಬೇಡ. ಮೊದಲ ದಿನ ಯಲಹಂಕದ ಮನೆಯಲ್ಲಿ ಒಬ್ಬನ ನಿರ್ದೇಶಕ, ಎರಡನೆಯ ದಿನ ಆರ್.ಟಿ. ನಗರದಲ್ಲಿ ಇನ್ನೊಬ್ಬನ ನಿರ್ದೇಶಕ. ಒಂದೇ ಷರತ್ತು: ಗೆಳೆಯನ ಆಯ್ಕೆಯನ್ನು ಮಧ್ಯದಲ್ಲಿ ಎದ್ದುಹೋಗದೆ ನೋಡಬೇಕು. ಒಂದೇ ರುಚಿಯ ಇಬ್ಬರು ಸೇರಿದರೆ ಉತ್ಸವ ಸಲೀಸಾಗಿ ನಡೆದೀತು, ಆದರೆ ಹೊಸದೇನೂ ಸಿಕ್ಕದು.

ಶಂಕರ್‌ನಾಗ್ ದಿನಕ್ಕೆ ‘ಮಿಂಚಿನ ಓಟ’ (1980), ‘ಆಕ್ಸಿಡೆಂಟ್’ (1985) ಮತ್ತು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಎರಡು ಕಂತು ಸಾಕು. ಮೊದಲನೆಯದರಲ್ಲಿ ಕಾರು ಕದಿಯುವವರು, ಜೈಲಿನಿಂದ ಪಾರಾಗುವ ಸಾಹಸ. ಎರಡನೆಯದರಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ ಬಡವರ ಮೇಲೆ ಕಾರು ಹರಿಸಿದ ಮಂತ್ರಿಯ ಮಗ, ಅವನನ್ನು ಕಾಪಾಡಲು ಹೊರಟ ಅಧಿಕಾರ. ಮೂರನೆಯದರಲ್ಲಿ ಶಾಲೆಗೆ ಹೋಗಲೊಲ್ಲದ ಸ್ವಾಮಿ ಎಂಬ ಬಾಲಕ. ಮೂರಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ಆದರೆ ಜೈಲರ್, ಮಂತ್ರಿ, ಮೇಷ್ಟ್ರು—ಅಧಿಕಾರ ಉಳ್ಳವರೆದುರು ಸಾಮಾನ್ಯನೊಬ್ಬ ಹೇಗೆ ನಿಲ್ಲುತ್ತಾನೆ ಎಂಬುದನ್ನು ಗಮನಿಸಿದರೆ ಒಂದು ಎಳೆ ಕೈಗೆ ಸಿಗುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ. ಹತ್ತು ವರ್ಷಗಳಲ್ಲಿ ಇಷ್ಟು ಬಗೆಯ ಕೆಲಸವೇ ಎಂಬ ಬೆರಗು ಚಿತ್ರಗಳನ್ನು ಸಾಲಾಗಿ ನೋಡಿದಾಗಲೇ ಮೂಡುತ್ತದೆ.

ಎರಡನೆಯ ದಿನ ಕಾಸರವಳ್ಳಿಯವರ ‘ತಬರನ ಕಥೆ’ (1986) ಮತ್ತು ‘ದ್ವೀಪ’. ಔಷಧ ವಿಜ್ಞಾನದಲ್ಲಿ ಪದವಿ ಪಡೆದು, ಆಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿಗೆ ಹೋದವರು ಅವರು. ‘ಘಟಶ್ರಾದ್ಧ’ (1977), ‘ತಬರನ ಕಥೆ’, ‘ತಾಯಿ ಸಾಹೇಬ’ (1997), ‘ದ್ವೀಪ’—ಈ ನಾಲ್ಕು ಚಿತ್ರಗಳಿಗೆ ಸ್ವರ್ಣಕಮಲ ಬಂದಿದೆ. ತಬರ ನಿವೃತ್ತಿ ವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುತ್ತದೆ. ‘ದ್ವೀಪ’ದಲ್ಲಿ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ಊರು ಬಿಡಲೊಲ್ಲದ ಕುಟುಂಬ. ಎರಡರಲ್ಲೂ ಕಾಯುವವರಿದ್ದಾರೆ. ಒಂದರಲ್ಲಿ ಕಡತ ಬರುವುದೇ ಇಲ್ಲ, ಇನ್ನೊಂದರಲ್ಲಿ ನೀರು ಬಂದೇ ಬರುತ್ತದೆ. ಈ ಕಾಯುವಿಕೆಯ ಭಾರ ನೋಡುವವನಿಗೆ ತಟ್ಟಬೇಕಾದರೆ ಚಿತ್ರ ನಿಧಾನವಾಗಿಯೇ ಸಾಗಬೇಕು. ಫೋನಿನಲ್ಲಿ ಒಂದೂವರೆ ಪಟ್ಟು ವೇಗ ಕೊಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. ಹಾಗೆ ನೋಡಿದರೆ ತಬರನ ಪಾಡು ತಿಳಿದೀತು, ಮನಸ್ಸಿಗೆ ನಾಟದು.

ಒಂದೇ ಪುಸ್ತಕ, ನಾಲ್ವರು ನಿರ್ದೇಶಕರು

ಮುಂದಿನ ರಜೆಗೆ ಪ್ರಯೋಗವನ್ನು ತಿರುವುಮುರುವು ಮಾಡಬಹುದು. ಕಥೆಗಾರ ಸ್ಥಿರ, ನಿರ್ದೇಶಕ ಚರ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದೇ ಹೆಸರಿನ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ಚಿತ್ರ ಮಾಡಿದರು. ‘ತಬರನ ಕಥೆ’ ಕಾಸರವಳ್ಳಿಯವರ ಕೈಗೆ ಬಂತು. ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ ತೆರೆಗೆ ತಂದರು. ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಶಶಾಂಕ್ ಸೋಗಾಲ್ ಅವರಿಂದ ಬಂತು. ಒಂದೇ ಪುಸ್ತಕದಿಂದ ಐವತ್ತು ವರ್ಷಗಳ ಅಂತರದಲ್ಲಿ ನಾಲ್ಕು ಚಿತ್ರ! ಪುಸ್ತಕವನ್ನು ಮೊದಲು ಓದಿಕೊಂಡವರಿಗೆ ಚರ್ಚೆಗೆ ಬರವಿರದು.

ಓದಿಕೊಳ್ಳುವುದಕ್ಕೂ ಒಂದು ಕ್ರಮವನ್ನು ರಾಯ್ ತೋರಿಸಿಕೊಟ್ಟಿದ್ದಾರೆ. ಯಾವುದಾದರೂ ಕಾದಂಬರಿ ಸಿನಿಮಾ ಆಗುತ್ತದೆಂದು ಪ್ರಕಟವಾದರೆ, ಅದಕ್ಕೆ ಅವರು ತಾವೇ ಒಂದು ಚಿತ್ರಕಥೆ ಬರೆದಿಡುತ್ತಿದ್ದರು. ಸಿನಿಮಾ ಬಂದ ಮೇಲೆ ಎರಡನ್ನೂ ಹೋಲಿಸುತ್ತಿದ್ದರು. ವಿದ್ಯಾರ್ಥಿಗಳು ಅಷ್ಟು ಬರೆಯಬೇಕಾಗಿಲ್ಲ. ‘ತಬರನ ಕಥೆ’ ಓದಿ, ಮೊದಲ ದೃಶ್ಯ ಯಾವುದಿರಬೇಕು, ಕೊನೆಯದು ಯಾವುದು ಎಂದು ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಂಡರೆ ಸಾಕು. ಚಿತ್ರ ಮುಗಿದ ಮೇಲೆ ಹಾಳೆ ತೆರೆಯಲಿ. ನಿರ್ದೇಶಕ ಏಕೆ ಬೇರೆ ದಾರಿ ಹಿಡಿದ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ವೇಳಾಪಟ್ಟಿಯ ಲೆಕ್ಕ

ದಿನಕ್ಕೆ ಎಷ್ಟು ಚಿತ್ರ? ಇದಕ್ಕೆ ಸ್ವಲ್ಪ ಗಣಿತ ಬೇಕು. 35 ಮಿ.ಮೀ. ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರು ಓಡುತ್ತದೆ. ಎರಡೂವರೆ ಗಂಟೆಯ ಚಿತ್ರದ ಉದ್ದ 13,500 ಅಡಿ. ನಾಲ್ಕು ಕಿಲೋಮೀಟರಿಗೂ ಮಿಗಿಲು. ಮೇಖ್ರಿ ವೃತ್ತದಲ್ಲಿ ಸುರುಳಿ ಬಿಚ್ಚಲು ತೊಡಗಿದರೆ ಹೆಬ್ಬಾಳ ಕೆರೆಯ ದಡ ಮುಟ್ಟಿಸಬಹುದು! ಅದರಲ್ಲಿರುವ ಚೌಕಟ್ಟುಗಳು 2,16,000. ಹಳೆಯ ಚಿತ್ರಗಳ ಆರಂಭದಲ್ಲಿ ಕಾಣುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಫಿಲಂನ ಉದ್ದವನ್ನು ಮೀಟರುಗಳಲ್ಲಿ ನಮೂದಿಸಿರುತ್ತಾರೆ. ಅದನ್ನು 27.4ರಿಂದ ಭಾಗಿಸಿದರೆ ಚಿತ್ರದ ಅವಧಿ ನಿಮಿಷಗಳಲ್ಲಿ ದೊರೆಯುತ್ತದೆ. ಕೈಯಲ್ಲಿರುವ ಪ್ರತಿ ಅದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಎಲ್ಲೋ ಕತ್ತರಿ ಬಿದ್ದಿದೆ ಎಂದೇ ಅರ್ಥ.

ಎರಡೂವರೆ ಗಂಟೆಯ ಚಿತ್ರಕ್ಕೆ ಮಾತುಕತೆ ಸೇರಿಸಿ ಮೂರೂವರೆ ಗಂಟೆ ಹಿಡಿಯಿರಿ. ಬೆಳಿಗ್ಗೆ 10ಕ್ಕೆ ಒಂದು, ಊಟ ಮುಗಿಸಿ 2.30ಕ್ಕೆ ಇನ್ನೊಂದು, ಸಂಜೆ ಒಂದಿಷ್ಟು ಓಡಾಡಿ ಬಂದ ಮೇಲೆ ಅರ್ಧ ಗಂಟೆಯ ಒಂದೆರಡು ಕಂತು. ಇದಕ್ಕಿಂತ ಹೆಚ್ಚು ತುಂಬಿದರೆ ವಿ.ಸಿ.ಪಿ. ಕಾಲದ ಕಲಸುಮೇಲೋಗರವೇ ಗತಿ. ರಾತ್ರಿಯಿಡೀ ನೋಡುವ ಹಟ ಬೇಡ. ಹಗಲು ಕಂಡಿದ್ದನ್ನು ಮಿದುಳು ನೆನಪಿನಲ್ಲಿ ಗಟ್ಟಿಗೊಳಿಸುವುದು ನಿದ್ದೆಯಲ್ಲಿ. ಪರೀಕ್ಷೆಯ ಓದಿಗೆ ಹೇಗೋ ಸಿನಿಮಾಕ್ಕೂ ಹಾಗೆಯೇ.

ಟಿ.ವಿ.ಯಿಂದ ಆರೇಳು ಅಡಿ ದೂರ ಕುಳಿತುಕೊಳ್ಳಿ. ಕೋಣೆಯನ್ನು ಪೂರ್ತಿ ಕತ್ತಲಾಗಿಸದೆ ಟಿ.ವಿ.ಯ ಹಿಂದೊಂದು ಸಣ್ಣ ದೀಪವಿದ್ದರೆ ಕಣ್ಣಿಗೆ ಹಿತ. ‘ಮಾಲ್ಗುಡಿ ಡೇಸ್’ನಂಥವು ಹಳೆಯ ಟಿ.ವಿ.ಯ 4:3 ಅಳತೆಯವು. ಇಂದಿನ ಅಗಲ ಪರದೆಗೆ ಅವನ್ನು ಹಿಗ್ಗಿಸಿದರೆ ಸ್ವಾಮಿ ದಪ್ಪಗೆ, ಕುಳ್ಳಗೆ ಕಾಣುತ್ತಾನೆ. ಟಿ.ವಿ.ಯ ಸೆಟ್ಟಿಂಗಿನಲ್ಲಿ ಅಳತೆ ಸರಿಪಡಿಸಿ, ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ. ಕಳ್ಳ ಪ್ರತಿಗಳ ತಂಟೆ ಬೇಡ. ಹಕ್ಕುದಾರರೇ ಬಿಡುಗಡೆ ಮಾಡಿದ ಪ್ರತಿ ಎಲ್ಲಿದೆಯೆಂದು ವಾರ ಮೊದಲೇ ಹುಡುಕಿಡಬೇಕು. ಸಿಗದಿದ್ದರೆ ಅದೇ ನಿರ್ದೇಶಕರ ಇನ್ನೊಂದು ಚಿತ್ರ ಪಟ್ಟಿಯಲ್ಲಿರಲಿ.

ಪೋಷಕರಿಗೊಂದು ಮಾತು

“ಎರಡು ದಿನ ಸಿನಿಮಾವೇ?” ಎಂದು ತಂದೆ ತಾಯಿ ಹುಬ್ಬೇರಿಸುವುದು ಸಹಜ. ಆದರೆ ಮಗ ಅಥವಾ ಮಗಳು ಪ್ರತಿದಿನ ಮೂಲೆಯಲ್ಲಿ ಕುಳಿತು ಏನು ನೋಡುತ್ತಾರೆಂದು ತಿಳಿಯದಿರುವುದಕ್ಕಿಂತ, ಹಾಳೆಯ ಮೇಲೆ ಬರೆದ ಐದು ಚಿತ್ರಗಳನ್ನು ಎಲ್ಲರೆದುರು ನೋಡುವುದು ಮೇಲಲ್ಲವೇ? ಪಟ್ಟಿಯನ್ನು ಮೊದಲೇ ಕೇಳಿ ನೋಡಿ. 2023ರ ತಿದ್ದುಪಡಿಯ ಬಳಿಕ ಯು ಮತ್ತು ಎ ಪ್ರಮಾಣಪತ್ರಗಳ ನಡುವೆ ಯುಎ 7+, ಯುಎ 13+, ಯುಎ 16+ ಎಂಬ ಮೂರು ಹಂತಗಳು ಬಂದಿವೆ. ಹಳೆಯ ಚಿತ್ರಗಳಿಗೆ ಈ ವಿಂಗಡಣೆ ಇರುವುದಿಲ್ಲವಾದ್ದರಿಂದ ಹಿರಿಯರ ವಿವೇಕವೇ ಅಲ್ಲಿ ಅಳತೆಗೋಲು. ವಿಧವೆಯೊಬ್ಬಳ ದುರಂತ ಹೇಳುವ ‘ಘಟಶ್ರಾದ್ಧ’ವನ್ನು ಕಾಲೇಜು ಮೆಟ್ಟಿಲೇರಿದ ಮಕ್ಕಳು ಹಿರಿಯರ ಜೊತೆ ಕುಳಿತು ನೋಡುವುದು ಒಳ್ಳೆಯದು.

ಒಂದು ಚಿತ್ರಕ್ಕಾದರೂ ಮನೆಯವರು ಜೊತೆಗೂಡಲಿ. ಸರ್ಕಾರಿ ಕೆಲಸದಿಂದ ನಿವೃತ್ತರಾದ ಅಜ್ಜನಿದ್ದರೆ ‘ತಬರನ ಕಥೆ’ ಮುಗಿದ ಮೇಲೆ ಅವರ ಬಾಯಿಂದ ಬರುವ ಮಾತು ಯಾವ ವಿಮರ್ಶೆಯಲ್ಲೂ ಸಿಗದು. ತೊಂಬತ್ತರ ದಶಕದ ಬೆಂಗಳೂರನ್ನು ಕಂಡ ಅಮ್ಮ ಶಂಕರ್‌ನಾಗ್ ತೀರಿಕೊಂಡ ದಿನದ ಬಗ್ಗೆ ಹೇಳಿಯಾರು. ಅಂಥ ಮಾತು ಹೊರಬರಲು ಸಿನಿಮಾ ಒಂದು ನೆವ.

ಉಳಿದವು, ಅಳಿದವು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇಂದು ನೋಡಲು ಸಿಗುವುದಿಲ್ಲ. ಅದರ ಪ್ರತಿಯೇ ಉಳಿದಿಲ್ಲ. ಫಿಲಂ ಎಂಬುದು ರಾಸಾಯನಿಕ ವಸ್ತು. ಶಾಖ, ತೇವ, ಅಲಕ್ಷ್ಯ ಮೂರೂ ಸೇರಿದರೆ ಅದು ಕೊಳೆತುಹೋಗುತ್ತದೆ. ಇನ್ನೊಂದೆಡೆ, ‘ಘಟಶ್ರಾದ್ಧ’ದ ಹಳೆಯ ಫಿಲಂ ಅನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಆಗ ಆ ಚಿತ್ರಕ್ಕೆ 47 ವರ್ಷ. ಯಾವ ಚಿತ್ರ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಅದನ್ನು ಕೇಳುವವರು ಇದ್ದಾರೆಯೇ ಎಂಬುದನ್ನೂ ಅವಲಂಬಿಸಿದೆ. ಯಾರೂ ಕೇಳದ ಚಿತ್ರವನ್ನು ಕಾಪಾಡುವವರು ವಿರಳ.

ಆದ್ದರಿಂದ ಈ ರಜೆಯಲ್ಲಿ ಗೆಳೆಯನಿಗೋ ಗೆಳತಿಗೋ ಒಂದು ಫೋನು ಮಾಡಿ. ನೀವೊಬ್ಬ ನಿರ್ದೇಶಕರ ಹೆಸರು ಹೇಳಿ, ಅವರೊಬ್ಬರ ಹೆಸರು ಹೇಳಲಿ. ಎರಡೂ ಹೆಸರು ಒಂದೇ ಆಗಿದ್ದರೆ ಮಾತ್ರ ಮತ್ತೊಮ್ಮೆ ಯೋಚಿಸಿ!