ಹಲ್ಲಿನ ಕಲೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಮಕ್ಕಳ ಮುಂಬಲ್ಲುಗಳ ಮೇಲೆ ಸುಣ್ಣದಂತಹ ಬಿಳಿಯ ಮಚ್ಚೆಗಳೂ ಕಂದುಬಣ್ಣದ ಅಡ್ಡಗೆರೆಗಳೂ ಕಾಣುವುದುಂಟು. ಹಲ್ಲುಜ್ಜದ ಸೋಮಾರಿತನವೇ ಇದಕ್ಕೆ ಕಾರಣವೆಂದು ಹಿರಿಯರು ಗದರುತ್ತಾರೆ. ಇದು ಆ ಮಕ್ಕಳಿಗೆ ಮಾಡುವ ಅನ್ಯಾಯವೇ ಸರಿ. ಬೇವಿನ ಕಡ್ಡಿಯಿಂದ ಎಷ್ಟು ತಿಕ್ಕಿದರೂ ಹೋಗದ ಈ ಕಲೆ ಹಲ್ಲಿಗೆ ಅಂಟಿದ ಕೊಳೆಯಲ್ಲ. ಹಲ್ಲಿನ ಹೊರಪದರವಾದ ಎನಾಮಲ್ಲಿನಲ್ಲಿಯೇ ಉಂಟಾದ ದೋಷ. ವೈದ್ಯರು ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ.

ಇದರ ಮೂಲ ನೀರಿನಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡನ್ನು ಹಿಂದೆ ಕೆರೆಗಳೂ ತೆರೆದ ಬಾವಿಗಳೂ ಸಾಕಿದವು. ಅವು ಬತ್ತಿದಂತೆ ಜನರು ಕೊಳವೆ ಬಾವಿಗಳನ್ನು ಆಳಕ್ಕೆ, ಇನ್ನೂ ಆಳಕ್ಕೆ ಕೊರೆಯಿಸಿದರು. ಅಲ್ಲಿನ ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಶಿಲೆಯ ಫ್ಲೋರೈಡ್ ಕರಗಿ ಸೇರುತ್ತದೆ. ಮಿತವಾದ ಫ್ಲೋರೈಡ್ ಹಲ್ಲನ್ನು ಹುಳುಕಿನಿಂದ ಕಾಯುತ್ತದೆ ಎಂಬುದು ಸೋಜಿಗವಾದರೂ ನಿಜ. ಆದರೆ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ.

ಶಾಶ್ವತ ಹಲ್ಲುಗಳ ಎನಾಮಲ್ ವಸಡಿನೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು 8 ವರ್ಷಗಳವರೆಗೆ. ಆಗ ಕುಡಿದ ನೀರಿನ ಗುರುತು ಹಲ್ಲು ಮೂಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಮುಂಬಲ್ಲುಗಳ ಮಟ್ಟಿಗೆ ಆ ಕಾಲ ಕಳೆದುಹೋಗಿದೆ. ಮನೆಯ ತೊಟ್ಟಿಲಲ್ಲಿರುವ ತಂಗಿಗೆ ಅದು ಈಗ ನಡೆಯುತ್ತಿದೆ.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗದು. ನೀರು ಆವಿಯಾಗಿ ಇಂಗಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಳೆನೀರಿನಲ್ಲಾದರೋ ಅದು ಇಲ್ಲವೆನ್ನುವಷ್ಟು ಕಡಿಮೆ. ಶುಚಿಯಾದ ಮಾಡಿನಿಂದ ಹಿಡಿದು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟ ಮಳೆನೀರನ್ನು ಕುದಿಸಿ ಆರಿಸಿ ಮಗುವಿಗೆ ಕುಡಿಸಬಹುದು. ಅಡುಗೆಗೂ ಅದನ್ನೇ ಬಳಸುವುದು ಲೇಸು.